‘ಯಾವುದೋ ಬಳ್ಳಿ’ಯ ವಿರುದ್ಧ

ಕಳೆದ ಡಿಸೆಂಬರಿನಲ್ಲಿ ಆನೆಗೊಂದಿಯಲ್ಲಿ ಎರಡು ದಿನದ ಕಥಾ ಕಮ್ಮಟವಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕಾಲೇಜು ಹುಡುಗ ಹುಡುಗಿಯರು ಬರೆದ 22 ಕಥೆಗಳನ್ನು ಮೊದಲೇ ಓದಿಕೊಂಡು ಹೋಗುವ ಕೆಲಸ ನನ್ನದಾಗಿತ್ತು. ಮೂರನೆಯ ಕಥೆ ಓದುವಾಗ ಒಂದು ಪದದ ಸುತ್ತ ಪೆನ್ಸಿಲ್ಲಿನಿಂದ ಗುಂಡು ಸುತ್ತಿದೆ. ನಾಲ್ಕನೆಯದರಲ್ಲೂ ಅದೇ ಪದ ಸಿಕ್ಕಿತು. ಎಲ್ಲ ಮುಗಿದ ಮೇಲೆ ಎಣಿಸಿದರೆ 31 ಗುಂಡುಗಳು. ಪದ ‘ಯಾವುದೋ’. ಯಾವುದೋ ಮರದ ನೆರಳು, ಯಾವುದೋ ಹಕ್ಕಿಯ ಕೂಗು, ಯಾವುದೋ ಕಾಡುಹೂವಿನ ಘಮ, ಹಾಳು ಮನೆಯ ಗೋಡೆ ಹತ್ತಿದ ಯಾವುದೋ ಬಳ್ಳಿ.

ಅದೇ ಕಥೆಗಳಲ್ಲಿ ನಾಯಕ ಹತ್ತುವ ಬೈಕು ಸ್ಪ್ಲೆಂಡರ್. ನಾಯಕಿಯ ಕೈಯಲ್ಲಿರುವುದು ರೆಡ್ಮಿ ಫೋನು. ಅಪ್ಪ ಸೇದುವ ಬೀಡಿಗೆ ಹೆಸರಿದೆ, ಅವ್ವ ಬಟ್ಟೆಗೆ ಹಚ್ಚುವ ಸಾಬೂನಿಗೆ ಹೆಸರಿದೆ, ರಾಯಚೂರಿಗೆ ಹೋಗುವ ಬಸ್ಸು ಯಾವ ಡಿಪೋದ್ದು ಎಂಬುದೂ ಇದೆ. ‘ಯಾವುದೋ ಬೈಕಿನ ಮೇಲೆ ಬಂದ’ ಎಂದು ಒಬ್ಬರೂ ಬರೆದಿರಲಿಲ್ಲ. ಹಾಗೆ ಬರೆದರೆ ಓದುವವರು ನಗುತ್ತಾರೆಂದು ಅವರಿಗೆ ಗೊತ್ತು. ಗಿಡಮರದ ವಿಷಯದಲ್ಲಿ ಯಾರೂ ನಗುವುದಿಲ್ಲ ಎಂಬುದೂ ಗೊತ್ತು. ಅಷ್ಟೇ ಅಲ್ಲ, ‘ಯಾವುದೋ’ ಅಂದರೆ ವಾಕ್ಯಕ್ಕೆ ಒಂದು ಮಂಜು ಕವಿಯುತ್ತದೆ, ಅದೇ ಸಾಹಿತ್ಯ ಎಂದು ನಾವೇ ಅವರಿಗೆ ಕಲಿಸಿದ್ದೇವೆ.

ಮೊದಲ ದಿನ ಬೆಳಿಗ್ಗೆ ಇದನ್ನೆಲ್ಲ ಸ್ವಲ್ಪ ಜೋರಾಗಿಯೇ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಲಬುರ್ಗಾ ತಾಲ್ಲೂಕಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ, ಸಿಟ್ಟಾಗಬ್ಯಾಡ್ರಿ, ನಿಮ್ಮ ಕಥಿಯೊಳಗೂ ಐತ್ರಿ” ಅಂದಳು. ಹಳೆಯ ಪತ್ರಿಕೆಯೊಂದರಲ್ಲಿ ಬಂದ ನನ್ನ ಕಥೆಯ ಜೆರಾಕ್ಸು ಅವಳ ಕೈಯಲ್ಲಿತ್ತು. ಕಥೆ ನಡೆಯುವುದೂ ಇದೇ ಆನೆಗೊಂದಿಯಲ್ಲಿ. ಓದಿದಳು: ಅತಿಥಿಗೃಹದ ಕಂಪೌಂಡಿನ ಮೇಲೆ ‘ಯಾವುದೋ ಕೆಂಪು ಹೂವಿನ ಬಳ್ಳಿ’ ಹಬ್ಬಿತ್ತು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ನಗದೆ ಬೇರೆ ದಾರಿಯಿರಲಿಲ್ಲ.

ಆ ಬಳ್ಳಿ ನಾವು ಕೂತಿದ್ದ ಕೋಣೆಯ ಕಿಟಕಿಯಾಚೆಗೇ ಇತ್ತು.

ಊಟದ ಹೊತ್ತಿಗೆ ಹತ್ತಿರ ಹೋಗಿ ನೋಡಿದೆ. ಕಥೆ ಬರೆಯುವಾಗ ಹತ್ತು ಹೆಜ್ಜೆ ದೂರದಿಂದ ನೋಡಿದ್ದೆ ಅಷ್ಟೇ. ಹೂವು ಬರೀ ಕೆಂಪಲ್ಲ. ಮೊದಲು ಬೆಳ್ಳಗಿನ ಪುಟ್ಟ ಸಂಚಿ, ಐದು ಮೂಲೆಯದು, ಕಾಗದದಲ್ಲಿ ಮಡಿಚಿದ ಹಾಗೆ. ಅದರ ಬಾಯಿಂದ ಕಡುಗೆಂಪು ಹೂವು ಹೊರಗೆ ಇಣುಕುತ್ತದೆ, ಅದರಿಂದ ಉದ್ದನೆಯ ಕೇಸರಗಳು ಚಾಚಿರುತ್ತವೆ. ಕೆಂಪು ಬೇಗ ಉದುರುತ್ತದೆ. ಬಿಳಿ ಸಂಚಿ ಉಳಿದು ದಿನಗಳೆದಂತೆ ನಸುನೇರಳೆಗೆ ತಿರುಗುತ್ತದೆ. ಕಾಂಡ ಬುಡದಲ್ಲಿ ಕಟ್ಟಿಗೆಯಂತೆ ಗಟ್ಟಿಯಾಗಿದೆ, ಎಲೆ ದಟ್ಟ ಹಸಿರು, ನರಗಳು ಎದ್ದು ಕಾಣುತ್ತವೆ. ಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸನ್ನು, “ಇದಕ್ಕೇನಂತಾರಬೇ ಅವ್ವಾ?” ಎಂದು ಕೇಳಿದೆ. ಆಕೆ ಪೈಪು ಕೆಳಗಿಟ್ಟು, “ತಂದಾಂವ ಏನೋ ಇಂಗ್ಲೀಷಿನ್ಯಾಗ ಹೇಳಿದ್ನಪ್ಪ. ನಾವು ಕಂದೀಲು ಬಳ್ಳಿ ಅಂತೀವಿ” ಅಂದರು. ನಾನು ಸುಮ್ಮನಿದ್ದುದನ್ನು ಕಂಡು ತಿಳಿಯಲಿಲ್ಲವೆಂದುಕೊಂಡು ಒಂದು ಹೂವು ಹಿಡಿದು ತೋರಿಸಿದರು. “ಇದು ಗಾಜು. ಇದು ದೀಪ. ದೀಪ ಆರಿದ ಮ್ಯಾಲೆ ಗಾಜು ಮಸಿ ಹಿಡಿತೈತಿ, ನೋಡ್ರಿ.”

ಆ ನೇರಳೆ ಬಣ್ಣಕ್ಕೂ ಅವರಲ್ಲಿ ಲೆಕ್ಕವಿತ್ತು.

ನರ್ಸರಿಯವರ ಚೀಟಿಯಲ್ಲಿರುವ ಹೆಸರು ಕ್ಲೆರೊಡೆಂಡ್ರಂ ಥಾಮ್ಸೋನಿಯೆ. ಪಶ್ಚಿಮ ಆಫ್ರಿಕದ್ದು; ಕ್ಯಾಮರೂನಿನಿಂದ ಸೆನೆಗಲ್‌ವರೆಗಿನ ಕಾಡುಗಳಲ್ಲಿ ಮರಗಳಿಗೆ ಸುತ್ತಿಕೊಂಡು ಬೆಳೆಯುತ್ತದೆ. ಇದಕ್ಕೊಬ್ಬಳು ತಂಗಿಯೂ ಅಲ್ಲಿಂದಲೇ ತೋಟಗಳಿಗೆ ಬಂದಿದ್ದಾಳೆ, ಸ್ಪ್ಲೆಂಡೆನ್ಸ್ ಎಂದು. ಅವಳಿಗೆ ಬಿಳಿ ಸಂಚಿಯಿಲ್ಲ, ಗೊಂಚಲು ಗೊಂಚಲು ಉರಿಗೆಂಪು. (ಸ್ಪ್ಲೆಂಡರ್ ಗೊತ್ತಿರುವ ನಮ್ಮ ಕಥೆಗಾರರಿಗೆ ಸ್ಪ್ಲೆಂಡೆನ್ಸ್ ನೆನಪಿಟ್ಟುಕೊಳ್ಳುವುದು ಕಷ್ಟವಾಗಬಾರದು.) ಇಂದಿನ ನೈಜೀರಿಯದ ಕಲಬಾರ್ ಎಂಬಲ್ಲಿ ಡಬ್ಲ್ಯು. ಸಿ. ಥಾಮ್ಸನ್ ಎಂಬ ಸ್ಕಾಟಿಷ್ ಪಾದ್ರಿಯಿದ್ದರು. 1860ರ ದಶಕದ ಮೊದಲಲ್ಲಿ ಈ ಗಿಡ ಅವರ ಮೂಲಕ ಬ್ರಿಟನ್ನಿಗೆ ಹೋಯಿತು. ಎಡಿನ್‌ಬರೋದ ಸಸ್ಯವಿಜ್ಞಾನಿ ಜಾನ್ ಹಟ್ಟನ್ ಬಾಲ್ಫರ್ ಅದಕ್ಕೆ ಹೆಸರಿಡುವಾಗ, ತೀರಿಕೊಂಡಿದ್ದ ಥಾಮ್ಸನ್ನರ ಹೆಂಡತಿಯ ನೆನಪಿಗೆ ‘ಥಾಮ್ಸೋನಿಯೆ’ ಎಂದರು. ಆ ಹೆಸರನ್ನು ನಾನು ಹಗುರವಾಗಿ ನೋಡಲಾರೆ, ಅದರಲ್ಲಿ ಒಬ್ಬ ಗಂಡನ ದುಃಖವಿದೆ. ಆದರೆ ಸಾವಿರಾರು ವರ್ಷ ಆ ಬಳ್ಳಿಯ ಪಕ್ಕದಲ್ಲಿ ಓಡಾಡಿದ ಕಲಬಾರಿನ ಜನ ಅದನ್ನು ಏನೆಂದು ಕರೆಯುತ್ತಿದ್ದರೆಂಬುದು ಗಿಡದ ಜೊತೆ ಹಡಗು ಹತ್ತಲಿಲ್ಲ. ಹಾಗಾಗಿ ಅದು ಆನೆಗೊಂದಿಗೆ ಬರುವಾಗ ಹೆಚ್ಚುಕಡಿಮೆ ಅನಾಥವಾಗಿಯೇ ಬಂತು. ಇಲ್ಲಿ ನೀರು ಹಾಕಿದವರು ಅದಕ್ಕೆ ಹೆಸರಿಟ್ಟರು. ಕಥೆ ಬರೆದವನು ‘ಯಾವುದೋ’ ಅಂದ.

ಇಂಗ್ಲಿಷಿನಲ್ಲಿ ಇದಕ್ಕೆ ಬ್ಲೀಡಿಂಗ್ ಹಾರ್ಟ್ ವೈನ್ ಎನ್ನುವುದುಂಟು. ನಮ್ಮ ಪಾರಿಭಾಷಿಕ ಪಂಡಿತರ ಕೈಗೆ ಸಿಕ್ಕಿದರೆ ನಾಳೆ ಇದು ‘ರಕ್ತಸ್ರಾವಿ ಹೃದಯಲತೆ’ ಆದೀತು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡಿಗರು ಹೊಸ ಗಿಡಕ್ಕೆ ಹೆಸರಿಡುವುದನ್ನು ಎಂದೂ ಪಂಡಿತರಿಗೆ ಬಿಟ್ಟವರಲ್ಲ. ಆಫ್ರಿಕದಿಂದಲೇ ಬಂದ ಇನ್ನೊಂದು ಕೆಂಪು ಹೂವಿನ ಮರದ ಮೊಗ್ಗು ಹಿಸುಕಿದರೆ ನೀರು ಚಿಮ್ಮುತ್ತದೆಂದು ಕಂಡುಕೊಂಡ ಮಕ್ಕಳಿಂದ ಅದು ನೀರುಕಾಯಿ ಮರವಾಯಿತು. ಮಡಗಾಸ್ಕರಿನ ಗುಲ್‌ಮೊಹರ್ ಕೆಂಪು ತುರಾಯಿಯಾಯಿತು. ಹೊಲಗಳನ್ನು ನುಂಗಿದ ಪಾರ್ಥೇನಿಯಂ ಕಾಂಗ್ರೆಸ್ ಗಿಡವಾಯಿತು. ಅದನ್ನು ಇಟ್ಟವರ ಕೊಂಕಿಗೆ ಯಾವ ವಿಡಂಬನೆಯ ಕವಿಯೂ ತಲೆಬಾಗಬೇಕು. ಮೆಕ್ಸಿಕೊ ಕಡೆಯ ಗಿಡದ ಕಾಯಿ ಹುಣಸೆಯಂತೆ ಸುತ್ತಿಕೊಂಡಿರುವುದನ್ನು ನೋಡಿ ಸೀಮೆಹುಣಸೆ ಅಂದರು. ಕಂದೀಲು ಬಳ್ಳಿ ಈ ಸಾಲಿಗೆ ಸೇರಿದ್ದು. ಅದು ಎಷ್ಟು ಊರುಗಳಲ್ಲಿ ನಡೆಯುತ್ತದೋ ಗೊತ್ತಿಲ್ಲ, ಒಂದು ಕಂಪೌಂಡಿನೊಳಗೆ ನಡೆಯುತ್ತದೆ ಎಂಬುದೇ ನನಗೆ ಸಾಕು.

ಆ ದಿನ ಸಂಜೆ ಚಹಾ ಕುಡಿಯುವಾಗ ವಾದ ಬೇರೆ ಕಡೆ ತಿರುಗಿತು. ಕಮ್ಮಟಕ್ಕೆ ಬಂದಿದ್ದ ಪರಿಸರಪ್ರೇಮಿ ಗೆಳೆಯರೊಬ್ಬರು, “ಹೆಸರು ಹುಡುಕುವ ಬದಲು ಅದನ್ನು ಕಿತ್ತುಹಾಕಿ. ಪರದೇಶಿ ಗಿಡ. ಕಿಷ್ಕಿಂಧೆಯಲ್ಲಿ ಇದಕ್ಕೇನು ಕೆಲಸ?” ಎಂದರು. ಇಬ್ಬರು ಮೂವರು ತಲೆಯಾಡಿಸಿದರು. ಅವರು ಒಳ್ಳೆಯವರು, ಕೆರೆಯ ಹೂಳೆತ್ತಲು ಬುಟ್ಟಿ ಹೊತ್ತವರು. ಆದರೂ ಈ ಮಾತನ್ನು ಒಪ್ಪಲಾರೆ. ಯಾಕೆಂದರೆ ‘ಪರದೇಶಿ’ ಎಂಬುದು ‘ಯಾವುದೋ’ ಎಂಬುದರ ಅಣ್ಣ. ಎರಡೂ ನೋಡದಿರಲು ಹೂಡುವ ಉಪಾಯಗಳೇ.

ಮಧ್ಯಾಹ್ನ ನಾವು ಉಂಡದ್ದು ಜೋಳದ ರೊಟ್ಟಿ. ಜೋಳ ಈಶಾನ್ಯ ಆಫ್ರಿಕದ್ದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಿತ್ತು. ಸಜ್ಜೆ ಸಹಾರಾದ ಅಂಚಿನ ಒಣನೆಲದ್ದು. ದಕ್ಷಿಣದವರ ರಾಗಿ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದದ್ದು. ಅಲಸಂದೆ, ಅವರೆ, ಬಿಸಿಲಲ್ಲಿ ತಿನ್ನುವ ಕಲ್ಲಂಗಡಿ, ಎಲ್ಲದರ ತವರೂ ಅದೇ ಖಂಡ. ಸಾರಿಗೆ ಹಿಂಡುವ ಹುಣಸೆಯಂತೂ ತಮಾಷೆಯದು: ಆಫ್ರಿಕದ ಮರ, ಅರಬರು ಅದನ್ನು ಹಿಂದ್‌ನ ಖರ್ಜೂರ ಎಂದರು, ಲಿನ್ನೇಯಸ್ ‘ಇಂಡಿಕ’ ಎಂದು ಬರೆದುಕೊಂಡ. ಇದೇ ತುಂಗಭದ್ರೆಯ ದಂಡೆಯಲ್ಲಿ, ಇಲ್ಲಿಂದ ಮೇಲಕ್ಕೆ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಸಜ್ಜೆಯ ಮತ್ತು ಅವರೆಯ ಸುಟ್ಟ ಕಾಳುಗಳು ಸಿಕ್ಕಿವೆ. ಅವು 3,000 ವರ್ಷಕ್ಕೂ ಹಳೆಯವು. ಕನ್ನಡದ ಮೊದಲ ಶಾಸನಕ್ಕಿಂತ ಎಷ್ಟೋ ಮೊದಲೇ ಆಫ್ರಿಕದ ಕಾಳು ಈ ಹೊಳೆಯ ನೀರು ಕುಡಿದಿತ್ತು. ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಬರೆದು ಮೆಣಸಿನಕಾಯಿ, ಆಲೂಗಡ್ಡೆಗಳ ಜಾತಕ ಬಿಡಿಸಿಟ್ಟರು. ನಮ್ಮ ಹೊಟ್ಟೆಯಲ್ಲಿರುವ ಆಫ್ರಿಕದ ಬಗ್ಗೆ ಅಂಥದೊಂದು ಪುಸ್ತಕವನ್ನು ಇದನ್ನು ಓದುತ್ತಿರುವ ಯಾರಾದರೂ ಬರೆಯಬಾರದೇ?

ಹಾಗಾದರೆ ಹೊರಗಿನಿಂದ ಬಂದದ್ದೆಲ್ಲ ಒಳ್ಳೆಯದೇ? ಅಲ್ಲ. ಗಂಗಾವತಿಯಿಂದ ಕುಷ್ಟಗಿಯ ಕಡೆ ಹೋಗಿ ನೋಡಿ, ಹಳ್ಳದ ದಂಡೆ, ಬೀಳು ಹೊಲ, ಕೆರೆಯ ಅಂಗಳ ಎಲ್ಲೆಂದರಲ್ಲಿ ಬಳ್ಳಾರಿ ಜಾಲಿ. ಹೆಸರು ಪಕ್ಕದ ಜಿಲ್ಲೆಯದು, ಊರು ಅಮೆರಿಕ ಖಂಡ. ಸಿಹಿಗಾಯಿಯ ಆಸೆಗೆ ಕುರಿ ಮೇಕೆ ತಿನ್ನುತ್ತವೆ, ಬೀಜ ಹಿಕ್ಕೆಯಲ್ಲಿ ಇಳಿದು ಹತ್ತು ಕಡೆ ಮೊಳೆಯುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇದೇ ಗಿಡ ಕೆನ್ಯಾದ ಬರಿಂಗೊ ಸೀಮೆಯಲ್ಲಿ ‘ಮಥೆಂಗೆ’ ಎಂಬ ಹೆಸರಿನಲ್ಲಿ ಅಲ್ಲಿನ ದನಗಾಹಿಗಳ ಹುಲ್ಲುಗಾವಲು ನುಂಗಿದೆ. ಆಫ್ರಿಕದ ಬಳ್ಳಿಯನ್ನು ಪರದೇಶಿ ಎಂದು ಬೈಯುವ ನಾವೂ, ಆಫ್ರಿಕದ ಕುರುಬರೂ ಒಂದೇ ಮುಳ್ಳಿಗೆ ಕಾಲು ಕೊಟ್ಟಿದ್ದೇವೆ. ಕಂದೀಲು ಬಳ್ಳಿಯೋ, ನೀರು ಹಾಕುವವರು ನಾಲ್ಕು ದಿನ ಊರಿಗೆ ಹೋದರೆ ಬಾಡುತ್ತದೆ. ಕಡ್ಡಿ ನೆಟ್ಟರೆ ಹತ್ತುತ್ತದೆ. ತಾನಾಗಿ ಬೀಜ ಉದುರಿಸಿ ಅಂಜನಾದ್ರಿಯ ಬಂಡೆ ಹತ್ತಿದ್ದನ್ನು ನಾನು ಕಂಡಿಲ್ಲ. ಇವೆರಡನ್ನೂ ‘ಪರದೇಶಿ’ ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದರೆ ಕೊನೆಗೆ ಏನಾಗುತ್ತದೆ? ಕೈಗೆ ಸಿಗುವ ಕುಂಡದ ಬಳ್ಳಿಯನ್ನು ಕಿತ್ತು ಫೋಟೊ ತೆಗೆಸಿಕೊಳ್ಳುತ್ತೇವೆ, ಜಾಲಿ ಜಾಲಿಯಾಗಿಯೇ ಬೆಳೆಯುತ್ತದೆ. ಯಾವುದು ಹಬ್ಬುತ್ತದೆ, ಯಾವುದು ಸುಮ್ಮನಿರುತ್ತದೆ ಎಂದು ಹೇಳಬೇಕಾದರೆ ಮೊದಲು ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಕರೆಯಲು ಬರಬೇಕು.

ಮತ್ತೆ ಈ ಬಳ್ಳಿ ಅಷ್ಟೇನೂ ಪರಕೀಯವಲ್ಲ. ಅದರ ಬಳಗದವರು ನಮ್ಮ ಹೊಲದ ಬದುವಿನಲ್ಲೇ ಇದ್ದಾರೆ. ಇದು ನನಗೆ ತಿಳಿದದ್ದು ಎರಡನೆಯ ದಿನ.

ಬೆಳಿಗ್ಗೆ ಎಲ್ಲರೂ ಪಂಪಾ ಸರೋವರದ ಕಡೆ ನಡೆದು ಹೋದೆವು. ಜೆರಾಕ್ಸು ತಂದಿದ್ದ ಆ ಹುಡುಗಿ ಮುಂದೆ ಇದ್ದಳು. ಅವಳ ಮನೆಯವರು ಕುರಿ ಸಾಕಿದವರು. ದಾರಿಯುದ್ದಕ್ಕೂ ತನ್ನ ಗೆಳತಿಗೆ ತೋರಿಸುತ್ತ ಹೊರಟಿದ್ದಳು: ಇದು ತಂಗಡಿ, ಇದು ಉತ್ತರಾಣಿ, ಇದು ಲಕ್ಕಿ, ಕುರಿ ಮುಟ್ಟಂಗಿಲ್ಲ, ಇದು ಕವಳಿ, ಹಣ್ಣು ಇನ್ನೂ ಆಗಿಲ್ಲ, ಇದು ತಗ್ಗಿ, ಅಲ್ಲಿ ಮ್ಯಾಲೆ ಕಾಣ್ತದಲ್ಲ ಅದು ಮುತ್ತಲ, ಶಿವರಾತ್ರಿ ಹೊತ್ತಿಗೆ ಕೆಂಪಾಗತೈತಿ. ತಗ್ಗಿ ಎಂದಾಗ ನಾನು ನಿಂತೆ. ಅದರ ಶಾಸ್ತ್ರೀಯ ಹೆಸರೂ ಕ್ಲೆರೊಡೆಂಡ್ರಂ ಎಂದೇ ಶುರುವಾಗುತ್ತದೆ. ಗಂಟುಭಾರಂಗಿಯೂ ಅದೇ ಬಳಗದ್ದು ಎನ್ನುತ್ತಿದ್ದರು. ಕಲಬಾರಿನ ಬಳ್ಳಿಗೆ ಆನೆಗೊಂದಿಯ ಬೇಲಿಯಲ್ಲಿ ದಾಯಾದಿಗಳಿದ್ದಾರೆ, ಯಲಬುರ್ಗಾದ ಹುಡುಗಿಗೆ ಅವರ ಹೆಸರು ಗೊತ್ತಿದೆ.

ಈಗ ನನ್ನ ಸಿಟ್ಟಿನ ನಿಜವಾದ ಕಾರಣ ಹೇಳುತ್ತೇನೆ. ಆ 31 ಗುಂಡುಗಳಲ್ಲಿ 4 ಈ ಹುಡುಗಿಯ ಕಥೆಯಲ್ಲಿದ್ದವು. ಅರ್ಧ ಮೈಲಿ ನಡಿಗೆಯಲ್ಲಿ ಇಪ್ಪತ್ತು ಗಿಡಗಳ ಹೆಸರು ಹೇಳುವವಳು ಕಾಗದದ ಮೇಲೆ ‘ಯಾವುದೋ ಮುಳ್ಳುಗಿಡದ ನೆರಳಲ್ಲಿ ಕುರಿಗಳು’ ಎಂದು ಬರೆದಿದ್ದಳು. ಯಾಕೆ ಎಂದು ಕೇಳಿದೆ. “ಅವೆಲ್ಲ ಹಳ್ಳಿ ಹೆಸರು ಸರ, ಕಥಿಯೊಳಗ ಬರೀಬಾರದು ಅನ್ಕೊಂಡಿದ್ದೆ” ಅಂದಳು. ಕಲಿಯದೆ ಹುಟ್ಟಿದ ಅಜ್ಞಾನವಾದರೆ ಕಲಿಸಬಹುದು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಎಂದು ಬರೆಯುವುದನ್ನು ಯಾರೋ ಕಲಿಸಿದ್ದಾರೆ. ಹದಿನೈದು ವರ್ಷ ಬೆಂಚಿನ ಮೇಲೆ ಕೂಡಿಸಿ ಕಲಿಸಿದ್ದೇವೆ. ನನ್ನಂಥವನ ‘ಯಾವುದೋ’ ಸೋಮಾರಿತನದ್ದು, ಅವಳ ‘ಯಾವುದೋ’ ನಾಚಿಕೆಯದು. ನಮ್ಮ ಕಥೆಗಳನ್ನು ಓದಿಯೇ ಅವಳಿಗೆ ಆ ನಾಚಿಕೆ ಬಂದದ್ದು.

ನಾವು ನಿಂತಿದ್ದ ಜಾಗವೂ ಎಂಥದು! ವಾಲ್ಮೀಕಿಯ ಕಿಷ್ಕಿಂಧಾಕಾಂಡ ಶುರುವಾಗುವುದು ಪಂಪೆಯ ದಂಡೆಯಲ್ಲಿ. ಸೀತೆಯನ್ನು ಕಳೆದುಕೊಂಡ ರಾಮ ಅಲ್ಲಿ ಅಳುತ್ತಾನೆ. ಆ ಅಳುವಿನ ನಡುವೆ ಗಿಡಮರಗಳ ಹೆಸರು ಸಾಲುಸಾಲಾಗಿ ಬರುತ್ತವೆ: ಮಾಧವಿ, ಮಾಲತಿ, ಮಲ್ಲಿಕೆ, ಕರವೀರ, ಕೇತಕಿ, ಸಿಂದುವಾರ, ಅಂಕೋಲ, ಶಾಲ್ಮಲಿ, ಕಿಂಶುಕ. ಎಲೆ ಉದುರಿಸಿ ಹೂ ಬಿಟ್ಟ ಕಿಂಶುಕದಿಂದ ಗುಡ್ಡಗಳೇ ಹೊತ್ತಿಕೊಂಡಂತೆ ಅವನಿಗೆ ಕಾಣುತ್ತವೆ. ಕಿಂಶುಕ ಎಂದರೆ ಹುಡುಗಿ ತೋರಿಸಿದ ಮುತ್ತಲ. ಸಿಂದುವಾರ ಎಂದರೆ ಕುರಿ ಮುಟ್ಟದ ಲಕ್ಕಿ. ಪಟ್ಟಿಯಲ್ಲಿರುವ ಎಲ್ಲವೂ ಈ ಬಂಡೆಗಾಡಿನಲ್ಲಿ ಬೆಳೆಯುತ್ತವೆಂದು ನಾನು ಹೇಳುತ್ತಿಲ್ಲ; ಕವಿಸಮಯ, ಕವಿಗಳ ರೂಢಿ ಅದರಲ್ಲಿ ಸಾಕಷ್ಟಿದೆ. ಇರಲಿ. ಹೆಂಡತಿ ಕಾಣೆಯಾದ ಗಂಡಸಿನ ಬಾಯಲ್ಲಿ ಕವಿ ‘ಯಾವುದೋ ಬಳ್ಳಿ’ ಎನ್ನಿಸಲಿಲ್ಲ, ಮಾಧವಿ ಎನ್ನಿಸಿದ. ದುಃಖ ಗಾಢವಾದಷ್ಟೂ ಕಣ್ಣು ಮಂಜಾಗಬೇಕೆಂಬ ನಮ್ಮ ಹೊಸ ಕಥೆಗಾರಿಕೆಯ ನಂಬಿಕೆ ಅವನಿಗಿರಲಿಲ್ಲ. ಆ ಲೆಕ್ಕದಲ್ಲಿ ಪಂಪೆಯ ದಂಡೆಯ ಮೇಲೆ ವಾಲ್ಮೀಕಿಗೆ ಹತ್ತಿರವಿದ್ದವಳು ಕುರಿಯವರ ಮನೆಯ ಹುಡುಗಿ. ಅವಳಿಗೆ ಪೆನ್ಸಿಲ್ಲು ಹಿಡಿದು ಗುಂಡು ಸುತ್ತಿದ ನಾನು ಎಲ್ಲಿದ್ದೆನೋ.

ಆಕ್ಷೇಪಗಳು ಬಂದವು. ಪಾತ್ರಕ್ಕೇ ಗಿಡದ ಹೆಸರು ಗೊತ್ತಿಲ್ಲದಿದ್ದರೆ? ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದ ಹುಡುಗನ ಕಥೆಯಲ್ಲಿ ತಗ್ಗಿ ಎಲ್ಲಿಂದ ಬರಬೇಕು? ಸರಿಯಾದ ಪ್ರಶ್ನೆ. ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಆ ಗೊತ್ತಿಲ್ಲದಿರುವಿಕೆಯೂ ಕಥೆಯ ಸಂಗತಿಯೇ. ಅವನು ಬಳ್ಳಿ ನೋಡಿ ಫೋನು ತೆಗೆದು ಫೋಟೊ ಹೊಡೆದು ಹೆಸರು ಹುಡುಕಲಿ, ತಪ್ಪು ಹೆಸರೇ ಹೇಳಲಿ, ಪಕ್ಕದವಳು ನಗಲಿ. ಆದರೆ ಬರೆಯುವವನಿಗೆ ಗೊತ್ತಿರಬೇಕು. ಪಾತ್ರದ ಮರೆಯಲ್ಲಿ ಲೇಖಕ ಅಡಗಿ ಕೂರಬಾರದು. ಇನ್ನೊಬ್ಬ, ಹೆಸರು ತುಂಬಿದರೆ ಕಥೆ ಸಸ್ಯಶಾಸ್ತ್ರದ ಪುಸ್ತಕವಾಗುತ್ತದೆ ಅಂದ. ಅವನಿಗೆ ‘ಹಸುರು ಹೊನ್ನು’ ಓದಲು ಹೇಳಿದೆ. ಸ್ವಾಮಿಯವರ ಆ ಪುಸ್ತಕ ಹೆಚ್ಚುಕಡಿಮೆ ಸಸ್ಯಶಾಸ್ತ್ರದ್ದೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನವೂ ಬಂತು. ಓದಿದವರು ನಕ್ಕು ನಕ್ಕು ಸುಸ್ತಾದರೇ ಹೊರತು ಪಾಠ ಎಂದು ಆಕಳಿಸಿದ್ದನ್ನು ನಾನು ಕೇಳಿಲ್ಲ. 1894ರ ಕಿಟ್ಟೆಲ್ ನಿಘಂಟನ್ನು ಯಾವ ಪುಟದಲ್ಲಿ ತೆರೆದರೂ ಒಂದೆರಡು ಗಿಡಗಳ ಹೆಸರು ಎದುರಾಗುತ್ತವೆ. ಜರ್ಮನಿಯಿಂದ ಬಂದ ಪಾದ್ರಿ ಊರೂರಿನ ಜನರನ್ನು ಕೇಳಿ ಬರೆದುಕೊಂಡದ್ದನ್ನು ಇಲ್ಲೇ ಹುಟ್ಟಿದ ನಾವು ಅಳಿಸುತ್ತ ಕೂತಿದ್ದೇವೆ.

ಸಮಾರೋಪಕ್ಕೆ ಮೊದಲು ಹುಡುಗಿ ತನ್ನ ವಾಕ್ಯ ತಿದ್ದಿ ತಂದಳು. ಮುಳ್ಳುಗಿಡ ಈಗ ಬನ್ನಿಯಾಗಿತ್ತು. ಅದೊಂದೇ ಪದಕ್ಕೆ ಮುಂದಿನ ಎರಡು ವಾಕ್ಯಗಳೂ ಬದಲಾಗಿದ್ದವು. ಬನ್ನಿ ಬಂದ ಮೇಲೆ ದಸರೆ ಬಂತು, ದಸರೆಗೆ ಊರಿಗೆ ಬಾರದ ಅಣ್ಣ ಬಂದ. ಕಥೆಯಲ್ಲಿ ಅಣ್ಣ ಮೊದಲು ಇರಲೇ ಇಲ್ಲ. ಎಲ್ಲಿಂದ ಬಂದ ಎಂದರೆ, “ಬನ್ನಿ ಅಂತ ಬರದ ಮ್ಯಾಲೆ ನೆನಪಾತ್ರಿ” ಎಂದಳು.

ನಾನೂ ನನ್ನ ಕಥೆಯನ್ನು ತಿದ್ದಿದ್ದೇನೆ. ಮುಂದಿನ ಸಂಕಲನಕ್ಕೆ ಕಳಿಸುವಾಗ ‘ಯಾವುದೋ ಕೆಂಪು ಹೂವಿನ ಬಳ್ಳಿ’ಯನ್ನು ಹೊಡೆದು ‘ಕಂದೀಲು ಬಳ್ಳಿ’ ಎಂದು ಬರೆದೆ. ಕರಡು ತಿದ್ದುವವರು ಆ ಪದಕ್ಕೆ ಪೆನ್ಸಿಲ್ಲಿನಿಂದ ಗುಂಡು ಸುತ್ತಿ ಅಂಚಿನಲ್ಲಿ ಕೇಳಿದ್ದಾರೆ: ಇದು ಯಾವ ಗಿಡ, ನಿಘಂಟಿನಲ್ಲಿಲ್ಲ, ಅಡಿಟಿಪ್ಪಣಿ ಬೇಕಲ್ಲವೇ? ಬೇಡ ಎಂದು ಬರೆದು ಕಳಿಸಿದ್ದೇನೆ. ಗಾಜು, ದೀಪ, ಮಸಿಯ ವಿಷಯವನ್ನು ಮಾತ್ರ ಕಥೆಯೊಳಗೇ ಒಂದು ಸಾಲು ಸೇರಿಸಿದೆ, ಅದನ್ನು ಹೇಳುವುದು ನಾಯಕನಲ್ಲ, ಗಿಡಕ್ಕೆ ನೀರು ಹಾಕುವ ಹೆಂಗಸು. ಆಕೆ ಮೊದಲ ಕರಡಿನಲ್ಲಿ ‘ಯಾರೋ ಕೆಲಸದವಳು’ ಆಗಿದ್ದಳು.